ಹದಿನಾಲ್ಕನೆಯ ಗೆರೆ

ಆರು ತಿಂಗಳಿಗೊಮ್ಮೆ ಅಮ್ಮನನ್ನು ರಾಜಾಜಿನಗರದ ಒಂದು ಲಿವರ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತೇನೆ. ಚಂದ್ರಾ ಲೇಔಟ್‌ನ ನಮ್ಮ ಮನೆಯಿಂದ ಆಟೊದಲ್ಲಿ ಹೋಗುವುದು, ರಕ್ತ ಕೊಡುವುದು, ಸ್ಕ್ಯಾನಿಗೆ ಕಾಯುವುದು, ಬರುವಾಗ ದರ್ಶಿನಿಯಲ್ಲಿ ಇಡ್ಲಿ ತಿನ್ನುವುದು. ನಮಗಿಬ್ಬರಿಗೂ ಇದು ರೂಢಿಯಾಗಿಬಿಟ್ಟಿದೆ. ಈ ಸಲ ಹೋದದ್ದು ದಸರಾ ರಜೆ ಮುಗಿದ ಮರುದಿನ. ರಕ್ತ ತೆಗೆಯುವ ಕೋಣೆಯ ಫ್ರಿಜ್ಜಿನ ಬಾಗಿಲಲ್ಲಿ ಆಯುಧಪೂಜೆಯ ಚೆಂಡುಹೂವಿನ ಹಾರ ಇನ್ನೂ ನೇತಾಡುತ್ತಿತ್ತು. ನರ್ಸ್ ಅಮ್ಮನ ತೋಳಿಗೆ ಸ್ಪಿರಿಟ್ ಒರೆಸಿದಳು. ಬಾಡಿದ ಚೆಂಡುಹೂವು ಮತ್ತು ಸ್ಪಿರಿಟ್ ಎರಡೂ ಬೆರೆತ ಆ ವಾಸನೆ ಮೂಗಿಗೆ ತಾಗಿದ್ದೇ ನಾನು ಎದ್ದು ಕಾರಿಡಾರಿಗೆ ಬಂದುಬಿಟ್ಟೆ.

"ಕಾಲೇಜಲ್ಲಿ ವೈರಸ್ ಪಾಠ ಮಾಡ್ತಾಳೆ, ಸೂಜಿ ಕಂಡ್ರೆ ಓಡ್ತಾಳೆ ನೋಡಿ," ಎಂದು ಅಮ್ಮ ನರ್ಸಿಗೆ ಹೇಳುತ್ತಿದ್ದುದು ಕೇಳಿಸಿತು.

ಸೂಜಿಗೆ ನಾನು ಹೆದರುವವಳಲ್ಲ. ಈಗ ಬಸವೇಶ್ವರನಗರದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಅದಕ್ಕೂ ಮೊದಲು ಕೆಂಗೇರಿಯ ಆಚೆಗಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಅಲ್ಲಿ ಅದು ಮುಗಿಯಲಿಲ್ಲ. ಯಾಕೆ ಮುಗಿಯಲಿಲ್ಲ ಎಂದು ಕೇಳಿದವರಿಗೆಲ್ಲ "ಮನೆಯಲ್ಲಿ ಸ್ವಲ್ಪ ತೊಂದರೆ" ಎಂದಷ್ಟೇ ಹೇಳಿದ್ದೇನೆ. ನಾನು ಅಲ್ಲಿದ್ದ ಕೊನೆಯ ಮಳೆಗಾಲದಲ್ಲಿ ಶುರುವಾದದ್ದು ಇದು.

ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ವಸುಂಧರಾ ಮೇಡಂ. ಅವರೇ ನನ್ನ ಗೈಡ್. ಲಿವರಿಗೆ ತಗಲುವ ಹೆಪಟೈಟಿಸ್ ವೈರಸ್‌ಗಳ ಹಿಂದೆ ಜೀವಮಾನವೆಲ್ಲ ಓಡಾಡಿದವರು. ಹುಡುಗಿಯಾಗಿದ್ದಾಗ ಹಳ್ಳಿಗಳಿಂದ ಥರ್ಮೋಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿಕೊಂಡು, ಕೆಂಪು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ರಕ್ತದ ಸ್ಯಾಂಪಲ್ ತರುತ್ತಿದ್ದರಂತೆ. ಹುಟ್ಟಿದ ಮಗುವಿಗೆ ಮೊದಲ ದಿನವೇ ಲಸಿಕೆ ಹಾಕಬೇಕೆಂದು ಆಸ್ಪತ್ರೆ ಆಸ್ಪತ್ರೆ ಸುತ್ತಿ ಡಾಕ್ಟರುಗಳ ಹತ್ತಿರ ಜಗಳ ಆಡಿದವರು. ಆದರೆ ಅವರನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ. ಹೆಪಟೈಟಿಸ್ ಬಿ ವೈರಸ್ ಈಗಾಗಲೇ ಮೈಯೊಳಗೆ ಇರುವವರಿಗೆ ಲಸಿಕೆಯಿಂದ ಪ್ರಯೋಜನವಿಲ್ಲ ಎಂದು ಪಠ್ಯದಲ್ಲಿದೆ. ಅದನ್ನು ಅವರು ನಂಬಿರಲಿಲ್ಲ. ಮತ್ತೆ ಮತ್ತೆ ಕೊಟ್ಟರೆ ಮೈ ಒಂದು ದಿನ ಎಚ್ಚೆತ್ತೀತು, ಲಸಿಕೆಯೇ ಔಷಧಿಯಾದೀತು ಎಂಬುದು ಅವರ ಆಸೆ. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು.

ನನ್ನ ಕೆಲಸಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ನನ್ನದು ಕೊಳಕು ನೀರಿನಿಂದ ಬರುವ ಕಾಮಾಲೆ. ಬಿ ವೈರಸ್ಸಿನ ಕೆಲಸ ಮಾಡುತ್ತಿದ್ದವನು ಬಸವರಾಜ, ಗದಗದ ಕಡೆಯವನು, ನನಗಿಂತ ಎರಡು ವರ್ಷ ಸೀನಿಯರ್. ಆದರೆ ಮಳೆಗಾಲ ಶುರುವಾದ ಮೇಲೆ ಬಾಪೂಜಿನಗರದಲ್ಲಿ ಮನೆ ಮನೆಗೆ ಹೋಗಿ ಸ್ಯಾಂಪಲ್ ತರಲು ಇಬ್ಬರೂ ಜೊತೆಗೆ ಹೋಗುತ್ತಿದ್ದೆವು. ಮೈಸೂರು ರಸ್ತೆಯಲ್ಲಿ ಇಳಿದು, ಕೊಡೆ ಒಂದು ಕೈಯಲ್ಲಿ, ಐಸ್ ಡಬ್ಬ ಇನ್ನೊಂದು ಕೈಯಲ್ಲಿ. ಚರಂಡಿ ಉಕ್ಕಿ ಗಲ್ಲಿಗಳಲ್ಲಿ ಪಾದ ಮುಳುಗುವಷ್ಟು ನೀರು.

"ಮೊನ್ನೆ ತಾನೇ ತಗೊಂಡ್ರಲ್ಲಮ್ಮ ರಕ್ತ. ಅದನ್ನ ಏನು ಮಾಡಿದ್ರಿ, ಮಾರಿದ್ರಾ?" ಎಂದು ಒಬ್ಬ ಆಂಟಿ ಬಾಗಿಲಲ್ಲೇ ನಿಂತು ಕೇಳಿದ್ದಳು.

"ನಮ್ಮ ರಕ್ತಾನ ಯಾರೂ ಕೊಳ್ಳಂಗಿಲ್ರಿ ಅಕ್ಕಾ, ನಿಮ್ಮದೂ ಅಷ್ಟ," ಎಂದ ಬಸವರಾಜ. "ರಿಪೋರ್ಟ್ ತಂದೀವಿ. ನಿಮ್ಮ ಹುಡುಗಗ ಎಲ್ಲಾ ನಾರ್ಮಲ್ ಆಗೇತಿ. ನೀರು ಮಾತ್ರ ಕುದಿಸಿ ಕುಡೀರಿ."

"ಕುದಿಸ್ತೀನಿ. ಗ್ಯಾಸ್ ನಿಮ್ ಆಫೀಸಿಂದ ಕಳಿಸ್ತೀರಾ?"

ಅವಳು ಹಾಗೆಂದರೂ ನಮ್ಮಿಬ್ಬರಿಗೂ ಟೀ ಕೊಟ್ಟಳು. ಸ್ಯಾಂಪಲ್ ತೆಗೆದ ಪ್ರತಿಯೊಬ್ಬರಿಗೂ ಫಲಿತಾಂಶವನ್ನು ಮನೆಗೇ ತಲುಪಿಸಬೇಕೆಂಬುದು ಮೇಡಂ ಮಾಡಿದ್ದ ನಿಯಮ. "ಜನ ನಮಗೆ ರಕ್ತ ಕೊಟ್ಟಿದ್ದಾರೆ, ನಾವು ಅವರಿಗೆ ಉತ್ತರ ಕೊಡಬೇಕು," ಎನ್ನುತ್ತಿದ್ದರು. ಆ ಮಾತಿಗಾಗಿಯೇ ನಾನು ಅವರನ್ನು ಗೌರವಿಸುತ್ತಿದ್ದೆ.

ಇನ್ನೊಂದು ನಿಯಮವೂ ಇತ್ತು. ಪ್ರಯೋಗಾಲಯದಲ್ಲಿ ಯಾರೂ ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿಕೊಳ್ಳಬಾರದು. ಬಹಳ ಹಿಂದೆ ಅವರ ವಿದ್ಯಾರ್ಥಿಯೊಬ್ಬ ಕುತೂಹಲಕ್ಕೆಂದು ತನ್ನ ರಕ್ತ ಪರೀಕ್ಷಿಸಿಕೊಂಡು, ಅದರಲ್ಲಿ ವೈರಸ್ ಕಂಡು, ಯಾರಿಗೂ ಹೇಳದೆ ಊರಿಗೆ ಹೋದವನು ತಿರುಗಿ ಬರಲೇ ಇಲ್ಲವಂತೆ. "ಅಂಥ ಸುದ್ದೀನ ಯಾರೂ ಒಬ್ಬರೇ ಕೂತು ಓದಬಾರದು. ಎದುರಿಗೆ ಇನ್ನೊಬ್ಬರು ಇರಬೇಕು," ಎಂದು ಮೇಡಂ ಹೊಸಬರಿಗೆಲ್ಲ ಹೇಳುತ್ತಿದ್ದರು. ಹೀಗಾಗಿ ನಮ್ಮೆಲ್ಲರ ರಕ್ತವನ್ನು ಅವರೇ ನೋಡುತ್ತಿದ್ದರು. ಇದು ನಮಗೆ ತಾಯಿಯಂಥ ಎಚ್ಚರಿಕೆ ಎನಿಸುತ್ತಿತ್ತು.

ಕೆಲಸಕ್ಕೆ ಸೇರಿದವರೆಲ್ಲ ಬಿ ವೈರಸ್ಸಿನ ಲಸಿಕೆಯನ್ನು ಮೂರು ಸಲ ಹಾಕಿಸಿಕೊಳ್ಳಬೇಕು. ಆಮೇಲೆ ರಕ್ತದಲ್ಲಿ ಪ್ರತಿಕಾಯ, ಅಂದರೆ ವೈರಸ್ಸನ್ನು ತಡೆಯುವ ಶಕ್ತಿ, ಹುಟ್ಟಿದೆಯೇ ಎಂದು ನೋಡುತ್ತಾರೆ. ನನ್ನ ಮೂರನೆಯ ಡೋಸ್ ಆ ಬೇಸಿಗೆಯಲ್ಲಿ ಮುಗಿದಿತ್ತು. ಜೂನ್‌ನ ಒಂದು ಮಧ್ಯಾಹ್ನ ಮೇಡಂ ನನ್ನನ್ನು ಕೋಣೆಗೆ ಕರೆದರು.

"ಚೇತನಾ, ನಿನಗೆ ಪ್ರತಿಕಾಯ ಬಂದಿಲ್ಲ. ಸೊನ್ನೆ."

ಲಸಿಕೆ ಹಿಡಿಯದವರು ಇರುತ್ತಾರೆ ಎಂದು ಓದಿದ್ದೆ. ಹಾಗಾದಾಗ ಮೊದಲು ನೋಡಬೇಕಾದದ್ದು ಏನೆಂಬುದನ್ನೂ ಓದಿದ್ದೆ. ವೈರಸ್ ಮೊದಲೇ ಮೈಯಲ್ಲಿದ್ದರೂ ಪ್ರತಿಕಾಯ ಹುಟ್ಟುವುದಿಲ್ಲ.

"ವೈರಸ್‌ಗೇ ಒಂದು ಸಲ ನೋಡಬೇಕಲ್ವಾ ಮೇಡಂ?"

"ನೋಡಿದೆ. ನೀನು ಸೇರಿದಾಗ ತೆಗೆದಿಟ್ಟ ರಕ್ತ, ಈಗಿನ ರಕ್ತ, ಎರಡನ್ನೂ ನಾನೇ ಹಾಕಿದೆ. ನೆಗೆಟಿವ್." ನಕ್ಕರು. "ನಿನ್ನ ಮೈ ಸ್ವಲ್ಪ ಸೋಂಬೇರಿ, ಅಷ್ಟೇ. ಇನ್ನೊಂದು ಸುತ್ತು ಲಸಿಕೆ ಕೊಡೋಣ. ತಿಂಗಳಿಗೊಂದು ಸಲ ರಕ್ತ ಕೊಡು, ಎಚ್ಚರ ಆಗ್ತಾ ಇದೆಯಾ ಅಂತ ನೋಡ್ತೀನಿ."

ಪರೀಕ್ಷೆಯ ಕಿಟ್ ನನ್ನ ಮೇಜಿನಿಂದ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿತ್ತು. ಒಂದು ದಿನವೂ ಅದರತ್ತ ಕೈ ಹೋಗಲಿಲ್ಲ. ನೋಡುವವರು ನೋಡಿದ್ದರು.

ಆ ಮಳೆಗಾಲದ ಪ್ರತಿ ತಿಂಗಳ ಮೊದಲ ವಾರ ಅವರ ಕೋಣೆಗೆ ಹೋಗಿ ಲಸಿಕೆಗೂ ರಕ್ತಕ್ಕೂ ತೋಳು ಚಾಚಿದೆ. ಅವರ ಕೈ ಹಗುರ. ಸೂಜಿ ಚುಚ್ಚಿದ್ದು ತಿಳಿಯುತ್ತಿರಲಿಲ್ಲ. ಆದ ಮೇಲೆ ತಮ್ಮ ಫ್ಲಾಸ್ಕಿನಿಂದ ಬಿಸಿ ಹಾಲು ಬಗ್ಗಿಸಿಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಎದುರಿಗೆ ಕೂರುತ್ತಿದ್ದರು. ಬೇರೆ ವಿದ್ಯಾರ್ಥಿಗಳಿಗೆ ಅಷ್ಟು ಹೊತ್ತು ಕೊಡುತ್ತಿರಲಿಲ್ಲ. ನಾನು ಹೆಚ್ಚು ಮಾತಿನವಳಲ್ಲ, ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋದವರು. ನನ್ನನ್ನು ಯಾರಾದರೂ ಗಮನಿಸಿದರೆ ಅದನ್ನು ಬಹಳ ದಿನ ನೆನಪಿಟ್ಟುಕೊಳ್ಳುತ್ತೇನೆ. ಮನೆಯಲ್ಲಿ ಅಮ್ಮನ ಹತ್ತಿರ ಮೇಡಂ ವಿಷಯ ಹೇಳುತ್ತಿದ್ದೆ. ಅಮ್ಮ ಅವರಿಗೆಂದು ಕೋಡುಬಳೆ ಮಾಡಿ ಡಬ್ಬಿಗೆ ಹಾಕಿ ಕಳಿಸುತ್ತಿದ್ದಳು.

ಅಮ್ಮನಿಗೆ ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಒಂದು ಚಿಕ್ಕ ಅಂಗಡಿ. ಆ ವರ್ಷ ಅವಳು ಬೇಗ ದಣಿಯುತ್ತಿದ್ದಳು. ಶ್ರಾವಣದ ಹಬ್ಬಗಳ ಹೊಲಿಗೆ ರಾಶಿ ಬಿದ್ದಿದ್ದರೂ ಮಧ್ಯಾಹ್ನ ಬಟ್ಟೆಯ ಗಂಟಿನ ಮೇಲೆಯೇ ತಲೆಯಿಟ್ಟು ಮಲಗಿಬಿಡುವಳು. ಊಟ ಸೇರುತ್ತಿರಲಿಲ್ಲ. "ಐವತ್ತಾಯ್ತಲ್ಲ ಕಣೇ, ಇನ್ನೇನು ಕುಣೀತೀನಾ," ಎನ್ನುತ್ತಿದ್ದಳು. ಬೀದಿಯ ಕ್ಲಿನಿಕ್ಕಿನ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ನಾನೂ ಸರಿ ಎಂದುಕೊಂಡೆ.

ಬಸವರಾಜ ತನ್ನ ಕೆಲಸದ ಬಗ್ಗೆ ಮೆಟ್ರೊದಲ್ಲಿ ನಿಂತು ಹೇಳುತ್ತಿದ್ದ. ವೈರಸ್ ಇರುವವರಿಗೆ ಲಸಿಕೆ ಕೊಟ್ಟು ತಿಂಗಳು ತಿಂಗಳು ರಕ್ತ ನೋಡುವ ಮೇಡಂ ಅಧ್ಯಯನದ ಸ್ಯಾಂಪಲ್‌ಗಳು ಅವನಿಗೆ ಬರುತ್ತಿದ್ದವು, ಹೆಸರಿಲ್ಲದೆ, ಬರೀ ನಂಬರಿನೊಂದಿಗೆ.

"ಹದಿಮೂರು ಮಂದಿನೂ ಕೈ ಕೊಟ್ಟಾರ್ರಿ. ಒಬ್ಬ ಬಂದ್ರ ಒಬ್ಬ ಬರಂಗಿಲ್ಲ. ಆದ್ರ ಈ ಹದಿನಾಲ್ಕನೇದು ಐತಲ್ಲ, ಭಾರಿ ಒಳ್ಳೇ ಮನಷಾ ಇರಬೇಕ. ತಿಂಗಳಾ ತಿಂಗಳಾ ತಪ್ಪದ ಬರತೈತಿ ಸ್ಯಾಂಪಲ್. ಆ ಪುಣ್ಯಾತ್ಮನಿಂದ ನನ್ನ ಥೀಸಿಸ್ ಮುಗೀತೈತಿ ನೋಡ್ರಿ."

"ಥ್ಯಾಂಕ್ಸ್ ಹೇಳಿ ಒಂದು ಅಧ್ಯಾಯ ಬರೀರಿ," ಎಂದು ನಾನು ನಕ್ಕೆ.

"ಹೆಸರ ಗೊತ್ತಿಲ್ಲಲ್ರೀ. ಇಲ್ಲಾಂದ್ರ ಒಂದು ಮಸಾಲೆ ದೋಸೆ ಕೊಡಸತಿದ್ದೆ."

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ನಮ್ಮಲ್ಲಿ ಅದನ್ನು ಮನೆಮಂದಿಯನ್ನೆಲ್ಲ ಕರೆದು ಮಾಡುವ ಪದ್ಧತಿ. ರಕ್ತ ತಿರುಗಿಸುವ ಯಂತ್ರಕ್ಕೆ, ಡೀಪ್ ಫ್ರೀಜರಿಗೆ, ಸೂಕ್ಷ್ಮದರ್ಶಕಕ್ಕೆ ಕುಂಕುಮ ಹಚ್ಚಿ ಚೆಂಡುಹೂವು ಮುಡಿಸುತ್ತಿದ್ದೆವು. ಮೇಜುಗಳನ್ನು ಬೆಳಗ್ಗೆ ಸ್ಪಿರಿಟ್ ಹಾಕಿ ಒರೆಸಿದ್ದರಿಂದ ಕೋಣೆಯೆಲ್ಲ ಆ ಎರಡು ವಾಸನೆ. ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು, ದೊಡ್ಡ ಡಬ್ಬಿಯಲ್ಲಿ ಕೋಡುಬಳೆ ತಂದಿದ್ದಳು. ಫ್ರೀಜರಿಗೆ ಕೈ ಮುಗಿದು, "ಇದರೊಳಗೇನಾ ನೀನು ತಂದಿರೋ ರಕ್ತ ಎಲ್ಲಾ ಇರೋದು? ತಣ್ಣಗಿರಲಿ ಪಾಪ," ಎಂದಳು. ಎಲ್ಲರೂ ನಕ್ಕರು.

ಮೇಡಂ ಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಮಗಳು ಬಂಗಾರ," ಎಂದರು. ಹಿಡಿದ ಕೈಗಳನ್ನು ಬಿಡದೆ ಮೆಲ್ಲನೆ ಮೇಲ್ಮುಖವಾಗಿ ತಿರುಗಿಸಿ ಅಂಗೈ ನೋಡಿದರು. ತುಸು ಹೊತ್ತು ನೋಡಿದರು.

"ಕೈ ಇಷ್ಟು ಕೆಂಪಗಿದೆ. ಗೋರಂಟಿ ಹಚ್ಚಿದ್ರಾ?"

"ಇಲ್ಲ ಮೇಡಂ, ನಂದು ಹಿಂಗೇನೆ. ಕತ್ತರಿ ಹಿಡಿದು ಹಿಡಿದು ಕೆಂಪಾಗಿರಬೇಕು."

"ಹೌದಾ," ಎಂದರು ಮೇಡಂ. "ಊಟ ಸರಿಯಾಗಿ ಮಾಡಿ. ತುಂಬಾ ಸೊರಗಿದ್ದೀರಿ." ಕೈ ಬಿಟ್ಟು ಕೋಡುಬಳೆ ಎತ್ತಿಕೊಂಡರು. ಬರುವಾಗ ಮೆಟ್ರೊದಲ್ಲಿ ಅಮ್ಮ ಅದನ್ನೇ ಹೇಳಿಕೊಂಡು ಬಂದಳು. ಎಷ್ಟು ದೊಡ್ಡ ಮನುಷ್ಯರು, ನನ್ನ ಕೈ ಹಿಡ್ಕೊಂಡು ಮಾತಾಡಿಸಿದ್ರು.

ನವೆಂಬರಿನಲ್ಲಿ ಚಂದ್ರಾ ಲೇಔಟ್‌ನ ನಮ್ಮ ಬೀದಿಯ ಹುಡುಗರು ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕಿ ರಕ್ತದಾನ ಶಿಬಿರ ಮಾಡಿದರು. ಕೆಂಪು ಹಳದಿ ಬಂಟಿಂಗು, ದೊಡ್ಡ ಸ್ಪೀಕರು. ತರಕಾರಿ ತರಲು ಹೋದ ನನ್ನನ್ನು ಒಬ್ಬ ತಡೆದ.

"ಅಕ್ಕ, ನೀವು ಬೀದಿಗೆಲ್ಲ ಹೋಗಿ ಊರೋರ ರಕ್ತ ತಗೋತೀರಂತೆ. ಇವತ್ತು ನಿಮ್ದು ನಮಗೆ ಕೊಡಿ. ಲೆಕ್ಕ ಚುಕ್ತಾ."

ಇನ್ನೊಬ್ಬ, "ಸುಮ್ನಿರೋ ಮಗಾ, ಅಕ್ಕ ಸೈಂಟಿಸ್ಟು. ಅವ್ರ ರಕ್ತ ಹಾಕಿದ್ರೆ ಪೇಷಂಟು ಇಂಗ್ಲಿಷ್ ಮಾತಾಡ್ತಾನೆ," ಎಂದ.

ತರಕಾರಿ ಚೀಲ ಅವನ ಕೈಗೆ ಕೊಟ್ಟು ಹೋಗಿ ಮಲಗಿದೆ. ನನಗೆ ಹಿಂಜರಿಕೆ ಇರಲಿಲ್ಲ. ನನ್ನ ರಕ್ತ ಸ್ವಚ್ಛವಾಗಿದೆ ಎಂದು ಹೇಳಿದ್ದವರು ಆ ವಿಷಯದಲ್ಲಿ ನಾನು ಕಂಡ ಎಲ್ಲರಿಗಿಂತ ತಿಳಿದವರು.

ಮುಂದಿನ ವಾರ ರಕ್ತನಿಧಿಯಿಂದ ಫೋನ್ ಬಂತು. ಒಂದು ಸಲ ಬಂದು ಹೋಗಿ ಎಂದರು. ಅಲ್ಲಿನ ಸಲಹೆಗಾರ್ತಿ ನನಗಿಂತ ಚಿಕ್ಕವಳು. ಬಾಗಿಲು ಮುಂದೆ ಮಾಡಿ, ನೀರಿನ ಲೋಟ ನನ್ನ ಕಡೆ ಸರಿಸಿ, ಬಹಳ ಮೃದುವಾಗಿ, "ಹೆಪಟೈಟಿಸ್ ಬಿ ಅಂತ ಒಂದು ವೈರಸ್ ಇದೆ ಮೇಡಂ. ನೀವು ಅದರ ಹೆಸರು ಕೇಳಿದ್ದೀರಾ?" ಎಂದು ಕೇಳಿದಳು.

ಕೇಳಿದ್ದೇನೆ ಎಂದೆ.

ಎರಡು ಸಲ ಪರೀಕ್ಷಿಸಿರುವುದಾಗಿ ಹೇಳಿದಳು. ಮನೆಯವರನ್ನೂ ಪರೀಕ್ಷೆ ಮಾಡಿಸಬೇಕು, ಮುಖ್ಯವಾಗಿ ತಾಯಿಯನ್ನು, ಏಕೆಂದರೆ ನಮ್ಮ ಕಡೆ ಇದು ಹುಟ್ಟುವಾಗಲೇ ತಾಯಿಯಿಂದ ಮಗುವಿಗೆ ಬಂದಿರುವುದು ಹೆಚ್ಚು ಎಂದಳು. ತಪ್ಪು ನಿಮ್ಮದಲ್ಲ ಎಂದಳು. ಇವೆಲ್ಲವನ್ನೂ ನಾನು ಬೇರೆಯವರಿಗೆ ಹೇಳಲು ತರಬೇತಿ ಪಡೆದಿದ್ದೆ. ಕೊನೆಗೆ ಅವಳು, "ನೀವು ಏನು ಕೆಲಸ ಮಾಡೋದು?" ಎಂದಳು. ಸುಳ್ಳು ಹೇಳಿದೆ. ಬ್ಯಾಂಕು ಎಂದೆ.

ಅಮ್ಮನಿಗೆ ಏನೂ ವಿವರಿಸದೆ, ಸುಸ್ತಿಗೆ ಒಳ್ಳೆಯ ಡಾಕ್ಟರನ್ನು ನೋಡೋಣ ಎಂದು ರಾಜಾಜಿನಗರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ವಯಸ್ಸಾದವರು. ಕಣ್ಣು ನೋಡಿದರು, ನಾಲಗೆ ನೋಡಿದರು, ಆಮೇಲೆ ಅಮ್ಮನ ಕೈ ಹಿಡಿದು ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸಿದರು. "ನೋಡಿ, ಅಂಗೈ ಹೀಗೆ ಕೆಂಪಾಗಿದ್ರೆ ನಮಗೆ ಲಿವರ್ ಮೇಲೆ ಅನುಮಾನ ಬರುತ್ತೆ," ಎಂದು ನನಗೆ ತೋರಿಸಿದರು.

ನಾನು ಆ ಕೈಯನ್ನೇ ನೋಡುತ್ತಾ ಕುಳಿತೆ. ಅದೇ ಕೈಯನ್ನು ಹಾಗೆಯೇ ತಿರುಗಿಸಿ ನೋಡಿದ್ದವರು ಗೋರಂಟಿಯೇ ಎಂದು ಕೇಳಿದ್ದರು.

ಪರೀಕ್ಷೆಗಳೆಲ್ಲ ಆದವು. ರಿಪೋರ್ಟಿಗೆ ನಾನೊಬ್ಬಳೇ ಹೋದೆ. ಅಮ್ಮನಲ್ಲೂ ಅದೇ ವೈರಸ್. ನನ್ನಲ್ಲಿ ಅದು ಸದ್ದಿಲ್ಲದೆ ಇತ್ತು; ಅಮ್ಮನಲ್ಲಿ ಲಿವರನ್ನು ಗಟ್ಟಿ ಮಾಡಲು ಶುರು ಮಾಡಿತ್ತು. ದಿನಕ್ಕೊಂದು ಮಾತ್ರೆ, ಜೀವನಪೂರ್ತಿ. ಹಾಳಾದದ್ದು ಮರಳುವುದು ಕಷ್ಟ, ಇನ್ನು ಮುಂದೆ ಹಾಳಾಗದಂತೆ ತಡೆಯಬಹುದು ಎಂದರು.

"ಜೂನ್‌ನಲ್ಲೇ ಶುರು ಮಾಡಿದ್ರೆ?" ಎಂದು ಕೇಳಿದೆ.

"ಮಾಡಿದ್ರೆ ಒಳ್ಳೇದಿತ್ತು. ಎಷ್ಟು ವ್ಯತ್ಯಾಸ ಆಗ್ತಿತ್ತು ಅಂತ ಹೇಳಕ್ಕಾಗಲ್ಲಮ್ಮ. ಯಾಕೆ, ಜೂನ್‌ನಲ್ಲಿ ಗೊತ್ತಿತ್ತಾ?"

"ನನಗಲ್ಲ," ಎಂದೆ.

ಮರುದಿನ ಬೆಳಗ್ಗೆ ಮೇಡಂ ಕೋಣೆಯ ಬಾಗಿಲು ಹಾಕಿಕೊಂಡು ನಿಂತೆ. ಅವರು ಯಾವುದೋ ಪ್ರಬಂಧ ತಿದ್ದುತ್ತಿದ್ದರು.

"ಮೇಡಂ, ನನಗೆ ಬಿ ವೈರಸ್ ಇದೆ."

ಕನ್ನಡಕ ತೆಗೆದರು. "ಯಾರು ಹೇಳಿದ್ರು?"

ನನಗೆ ಅಲ್ಲಿಗೇ ಉತ್ತರ ಸಿಕ್ಕಿತು. ಅದು ಹೇಗೆ ಸಾಧ್ಯ ಎಂದು ಕೇಳಬಹುದಿತ್ತು. ನಾನೇ ನೋಡಿದ್ದೆನಲ್ಲ ಎನ್ನಬಹುದಿತ್ತು. ಅವರು ಕೇಳಿದ್ದು ಯಾರು ಹೇಳಿದರು ಎಂದು.

"ಜೂನ್‌ನಲ್ಲೇ ಗೊತ್ತಿತ್ತಾ?"

"ಕೂತ್ಕೋ ಮೊದಲು."

"ಗೊತ್ತಿತ್ತಾ ಮೇಡಂ?"

"ನಿನ್ನ ವೈರಸ್ ತುಂಬಾ ಕಡಿಮೆ. ಲಿವರ್ ಚೆನ್ನಾಗಿದೆ. ಪ್ರತಿ ತಿಂಗಳು ನಾನೇ ನೋಡ್ತಾ ಇದ್ದೆ ಚೇತನಾ. ಚೂರು ಏರುಪೇರಾಗಿದ್ರೂ ಅವತ್ತೇ ಹೇಳ್ತಿದ್ದೆ. ಯಾವ ಡಾಕ್ಟರೂ ನಿನ್ನ ಇಷ್ಟು ಹತ್ತಿರದಿಂದ ನೋಡ್ಕೋತಿರಲಿಲ್ಲ."

"ಹದಿನಾಲ್ಕನೇದು ನಾನಾ?"

ಅವರು ಇಲ್ಲ ಎನ್ನಲಿಲ್ಲ. ದಣಿದ ದನಿಯಲ್ಲಿ ಹೇಳಿದರು. "ಹದಿಮೂರು ಜನಕ್ಕೆ ಹೇಳಿದೆ. ಕೂರಿಸಿ, ವಿವರಿಸಿ, ಒಪ್ಪಿಸಿ ಸೇರಿಸ್ಕೊಂಡೆ. ಒಬ್ಬ ಹೊರಗೆ ಹೋಗಿದ್ದೇ ನೆಲನೆಲ್ಲಿ ಕಷಾಯ ಕುಡಿಯೋಕೆ ಶುರು ಮಾಡಿದ. ಒಬ್ಬ ಮಾಗಡಿ ರಸ್ತೇಲಿ ಯಾರ ಹತ್ರಾನೋ ಬೇರು ಕಟ್ಟಿಸ್ಕೊಂಡ. ಒಬ್ಬಳನ್ನ ಗಂಡನ ಮನೆಯೋರು ತವರಿಗೆ ಕಳಿಸಿದ್ರು, ಅವಳು ಮತ್ತೆ ಬರಲೇ ಇಲ್ಲ. ಹೇಳಿದ ತಕ್ಷಣ ಜನ ಬದಲಾಗಿಬಿಡ್ತಾರೆ. ನನಗೆ ಬೇಕಾಗಿದ್ದು ಗ್ರಾಫಿನಲ್ಲಿ ಒಂದೇ ಒಂದು ಪೂರ್ತಿ ಗೆರೆ. ಒಂದೇ ಒಂದು."

"ನಾನು ಕಷಾಯ ಕುಡೀತಿದ್ನಾ ಮೇಡಂ?"

"ನೀನಲ್ಲ. ನಿಮ್ಮಮ್ಮ ಕುಡಿಸ್ತಿದ್ರು."

ಆಗ ನಾನು ಅಮ್ಮನ ವಿಷಯ ಹೇಳಿದೆ. ಲಿವರ್ ಗಟ್ಟಿಯಾಗುತ್ತಿದೆ ಎಂದೆ. ಪೂಜೆಯ ದಿನ ನೀವು ಅವಳ ಕೈ ನೋಡಿದಿರಿ ಎಂದೆ. ನನ್ನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತೆಂದು ಈಗ ಅನ್ನಿಸುತ್ತದೆ.

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಿಮ್ಮ ತಾಯಿ ನನ್ನ ಸ್ಟಡೀಲಿ ಇರಲಿಲ್ಲ," ಎಂದರು. ಆಮೇಲೆ ನನ್ನ ಮುಖ ನೋಡಿ, ಇನ್ನಷ್ಟು ಮೃದುವಾಗಿ, "ಇದನ್ನ ಯಾರಿಗೂ ಹೇಳೋ ಹುಡುಗಿ ಅಲ್ಲ ನೀನು. ಹೇಳಿದ್ರೆ ನಿನಗೇ ಕಷ್ಟ. ಇನ್ನೊಂದು ವರ್ಷ ಹೀಗೇ ಮುಂದುವರಿಸೋಣ. ನಿನ್ನ ಪಿಎಚ್.ಡಿ. ನಾನು ಮುಗಿಸಿಕೊಡ್ತೀನಿ," ಎಂದರು.

ನನಗೆ ಎಲ್ಲಕ್ಕಿಂತ ನೋವಾದದ್ದು ಆ ಮಾತಿನಿಂದ. ನನ್ನ ಮೌನವನ್ನು ಅವರು ಎಂದೋ ಗಮನಿಸಿ, ತೂಗಿ, ಪ್ರಯೋಗಕ್ಕೆ ಅನುಕೂಲ ಎಂದು ತೀರ್ಮಾನಿಸಿದ್ದರು. ಹಾಲು ಕುಡಿಯುವಾಗ ಎದುರಿಗೆ ಕೂತು ನೋಡುತ್ತಿದ್ದುದು ಅದನ್ನೇ.

ಅಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಅರ್ಧ ಎಳೆದಿದ್ದ ಷಟರನ್ನು ಹಾಗೇ ಬಿಟ್ಟು ಸ್ಟೂಲಿನ ಮೇಲೆ ಕುಳಿತಳು. ಮೇಡಂ ಬಗ್ಗೆ ಒಂದು ಮಾತೂ ಬರಲಿಲ್ಲ.

"ನನ್ನಿಂದ ಬಂದಿದ್ದಾ ನಿಂಗೆ?"

"ಅಮ್ಮ, ಅದು ಯಾರ ತಪ್ಪೂ ಅಲ್ಲ. ನಿನಗೆ ಅಜ್ಜಿಯಿಂದ ಬಂದಿರಬಹುದು."

"ನನ್ನಿಂದಲೇ ತಾನೇ."

"ಹೌದು."

ಮಡಿಲಲ್ಲಿದ್ದ ಬಟ್ಟೆಯ ನೂಲು ಕೀಳುತ್ತಾ ಕುಳಿತಳು. ಆಮೇಲೆ, "ಅವರ ಹತ್ರ ಜಗಳ ಆಡ್ಬೇಡ. ಓದು ಮುಗಿಸ್ಕೋ. ಬೀದಿಗೆ ಗೊತ್ತಾದ್ರೆ ಯಾರೂ ಬ್ಲೌಸ್ ಹೊಲಿಯಕ್ಕೆ ಕೊಡಲ್ಲ, ಸೂಜಿ ಚುಚ್ಕೊಂಡಿರ್ತಾಳೆ ಅಂತಾರೆ. ನಿನ್ನ ಯಾರು ಮದುವೆ ಆಗ್ತಾರೆ? ಬಾಯಿ ಮುಚ್ಕೊಂಡಿರೋಣ ಇಬ್ರೂ," ಎಂದಳು.

ಮೇಡಂ ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ ಅಮ್ಮನ ಬಾಯಲ್ಲೂ ಅದೇ ಮಾತು ಬಂತು.

ಸೋಮವಾರ ನಮ್ಮ ವಾರದ ಸಭೆ. ಎಲ್ಲ ವಿದ್ಯಾರ್ಥಿಗಳೂ ಪರದೆಯ ಮುಂದೆ ಕೂರುತ್ತಿದ್ದೆವು. ಒಬ್ಬೊಬ್ಬರ ಕೆಲಸ ತೋರಿಸಿ ಚರ್ಚೆ. ಅಂದು ಬಿ ವೈರಸ್ಸಿನ ಸರದಿ. ಬಸವರಾಜ ಲ್ಯಾಪ್‌ಟಾಪಿನ ಮುಂದೆ, ಮೇಡಂ ಪರದೆಯ ಪಕ್ಕ. ನಾನು ಸಭೆಗೆ ಬಂದಿರುವುದನ್ನು ಅವರು ನೋಡಿದರು. ನೋಡಿ ಸಮಾಧಾನವಾದವರಂತೆ ಶುರು ಮಾಡಿದರು. ಅಮ್ಮನಿಗೆ ನಾನು ಏನೂ ಮಾತು ಕೊಟ್ಟಿರಲಿಲ್ಲ. ಆದರೂ ಸುಮ್ಮನಿರುತ್ತೇನೆ ಎಂದೇ ನನಗೂ ಅನ್ನಿಸಿತ್ತು. ಮಾತಾಡಿದರೆ ಹೊರಬೀಳುವುದು ನನ್ನ ರಕ್ತದ ಸಂಗತಿ ಮಾತ್ರವಲ್ಲ, ಅಮ್ಮನದೂ.

ಪರದೆಯ ಮೇಲೆ ಹದಿನಾಲ್ಕು ಗೆರೆಗಳು. ಹದಿಮೂರು ಅಲ್ಲಲ್ಲೇ ತುಂಡಾಗಿ ನಿಂತಿದ್ದವು. ಒಂದು ಮಾತ್ರ ಜೂನ್‌ನಿಂದ ಎಲ್ಲೂ ಕಡಿಯದೆ ಸಾಗಿತ್ತು.

"ಈ ವ್ಯಕ್ತಿಯನ್ನ ನೋಡಿ," ಎಂದರು ಮೇಡಂ. "ಇಪ್ಪತ್ತಾರು ವರ್ಷದ ಹೆಣ್ಣುಮಗಳು. ಆರು ತಿಂಗಳು ಒಂದು ಸಲವೂ ತಪ್ಪಿಸಿಲ್ಲ. ಇಷ್ಟು ಸಹಕಾರ ಕೊಟ್ಟವರು ನನ್ನ ಸರ್ವಿಸ್‌ನಲ್ಲೇ ಇಲ್ಲ."

ಸಹಕಾರ ಎಂಬ ಆ ಶಬ್ದವನ್ನು ಕೇಳಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಎದ್ದು ನಿಂತೆ.

"ಅದು ನಾನು," ಎಂದೆ. "ಆ ಹದಿನಾಲ್ಕನೆಯ ಗೆರೆ ನನ್ನದು. ವೈರಸ್ ಇಲ್ಲ ಅಂತ ಹೇಳಿ ನನ್ನ ರಕ್ತ ತಗೊಂಡಿದ್ದಾರೆ. ಇದೆ ಅಂತ ನನಗೆ ಗೊತ್ತಾಗಿದ್ದು ಹೋದ ವಾರ, ಹೊರಗಿನವರಿಂದ. ಅಷ್ಟರಲ್ಲಿ ನಮ್ಮಮ್ಮನ ಲಿವರ್ ಹಾಳಾಗಿದೆ. ನಾನು ಸಹಕಾರ ಕೊಟ್ಟಿಲ್ಲ."

ನನ್ನ ಪಕ್ಕದಲ್ಲಿ ಕುಳಿತಿದ್ದವಳು ಮೊದಲ ವರ್ಷದ ಹುಡುಗಿ, ದಿನಾ ನನ್ನ ಡಬ್ಬಿಯಿಂದ ಉಪ್ಪಿನಕಾಯಿ ತೆಗೆದುಕೊಳ್ಳುತ್ತಿದ್ದವಳು. ನಮ್ಮಿಬ್ಬರ ನಡುವೆ ಇದ್ದ ತನ್ನ ನೀರಿನ ಬಾಟಲಿಯನ್ನು ಎತ್ತಿ ಆಚೆ ಪಕ್ಕಕ್ಕೆ ಇಟ್ಟುಕೊಂಡಳು. ನೀರಿನ ಬಾಟಲಿಯಿಂದ ಈ ವೈರಸ್ ಹರಡುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

"ಚೇತನಾ, ಕೂತ್ಕೋ," ಎಂದರು ಮೇಡಂ. ಮುಖದಲ್ಲಿ ಕೋಪವಿರಲಿಲ್ಲ. "ಇದನ್ನ ಆಮೇಲೆ ನನ್ನ ರೂಮಲ್ಲಿ ಮಾತಾಡೋಣ. ಬಸವರಾಜ್, ನೆಕ್ಸ್ಟ್."

ಬಸವರಾಜ ನನ್ನ ಕಡೆ ನೋಡಿದ. ಅವನಿಗೂ ಆಗಲೇ ಗೊತ್ತಾದದ್ದು. ಕಣ್ಣಲ್ಲಿ ಅದು ಕಾಣುತ್ತಿತ್ತು. ತಿಂಗಳು ತಿಂಗಳು ಅವನೇ ಕೈಯಾರೆ ನೋಡಿದ ಪುಣ್ಯಾತ್ಮ ನಾನೇ. ಮಾರ್ಚಿನಲ್ಲಿ ಅವನು ಥೀಸಿಸ್ ಕೊಡಬೇಕಿತ್ತು. ಒಂದೇ ಒಂದು ಪೂರ್ತಿ ಗ್ರಾಫ್ ಅದರಲ್ಲಿತ್ತು. ಅವನು ತಲೆ ತಗ್ಗಿಸಿ ಗುಂಡಿ ಒತ್ತಿದ.

ಮುಂದಿನ ಚಿತ್ರದಲ್ಲಿ ಉಳಿದವರೆಲ್ಲ ಮಾಯವಾಗಿ ನನ್ನ ಗೆರೆಯೊಂದೇ ದೊಡ್ಡದಾಗಿ ಬಂತು. ಅದು ನವೆಂಬರಿಗೆ ನಿಂತಿತ್ತು. ಆದರೆ ಕೆಳಗಿನ ತಿಂಗಳುಗಳು ಅಲ್ಲಿಗೆ ನಿಂತಿರಲಿಲ್ಲ. ಡಿಸೆಂಬರ್, ಜನವರಿ, ಫೆಬ್ರವರಿ ಎಂದು ಮುಂದಿನ ಮಳೆಗಾಲ ದಾಟುವವರೆಗೂ ಹೆಸರು ಬರೆದು, ಮೇಲೆ ಬಿಳಿ ಜಾಗವನ್ನು ಹಾಗೇ ಖಾಲಿ ಬಿಟ್ಟಿದ್ದರು. ನಾನು ಇನ್ನೂ ಕೊಡದ ರಕ್ತಕ್ಕೆ, ನನ್ನನ್ನು ಕೇಳದೆ, ಅಷ್ಟು ಜಾಗ. ನಾನು ಅದರ ಕೊನೆಯ ತಿಂಗಳವರೆಗೂ ಓದಿದೆ. ಆಮೇಲೆ ಚೀಲ ತೆಗೆದುಕೊಂಡು, ಪರದೆಯ ಮುಂದಿನಿಂದಲೇ ಹಾದು, ಹೊರಗೆ ಬಂದೆ.